ಎವರೆಸ್ಟ್ ಏರಿದ ಜಗತ್ತಿನ ಮೊದಲ ಮಹಿಳೆ ಬಚೇಂದ್ರಿ ಪಾಲ್ ಅವರೇ? ಪರ್ವತ ಹತ್ತಿದ ಮಹಿಳೆಯರ ಬಗ್ಗೆ ಐದು ಮಾತು, ಐದು ನಿಜ

ಮಾರ್ಚ್ 8 ಹತ್ತಿರ ಬಂದರೆ ಸಾಕು, ಒಂದು ಮೆಸೇಜ್ ಮತ್ತೆ ಜೀವ ಪಡೆಯುತ್ತದೆ. ಹಿಮದ ಬೆಟ್ಟದ ಫೋಟೊ, ಮೇಲೊಂದು ತ್ರಿವರ್ಣ ಧ್ವಜ, ಕೆಳಗೆ ದಪ್ಪ ಅಕ್ಷರದಲ್ಲಿ "ಎವರೆಸ್ಟ್ ಏರಿದ ವಿಶ್ವದ ಮೊಟ್ಟಮೊದಲ ಮಹಿಳೆ ನಮ್ಮ ಬಚೇಂದ್ರಿ ಪಾಲ್" ಎಂಬ ಸಾಲು. ಕೊನೆಗೆ "ಹೆಮ್ಮೆಯ ಭಾರತೀಯರಾಗಿದ್ದರೆ ಹತ್ತು ಜನಕ್ಕೆ ಕಳಿಸಿ" ಎಂಬ ಆಜ್ಞೆ.

ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೂ ಇದು ಬಂತು. ಹದಿನಾರು ಜನ ಕೈ ಮುಗಿದರು. ಅದೇ ವಾರ, ಅದೇ ಗ್ರೂಪಿನಲ್ಲಿ, ಪಿಯುಸಿ ಓದುತ್ತಿರುವ ನನ್ನ ಚಿಕ್ಕಪ್ಪನ ಮಗಳು ರಾಮನಗರದಲ್ಲಿ ನಡೆಯುವ ರಾಕ್ ಕ್ಲೈಂಬಿಂಗ್ ಶಿಬಿರಕ್ಕೆ ಹೋಗಲೇ ಎಂದು ಕೇಳಿದಳು. ಕೈ ಮುಗಿದಿದ್ದವರಲ್ಲೇ ಒಬ್ಬರು ಬರೆದರು: "ಹೆಣ್ಣುಮಕ್ಕಳ ಮೈಗೆ ಅವೆಲ್ಲ ಆಗಿಬರಲ್ಲ ಕಣಮ್ಮ."

ಹೆಮ್ಮೆಯ ಮೆಸೇಜಿನಲ್ಲಿ ಮಾಹಿತಿ ತಪ್ಪು. ಬುದ್ಧಿವಾದದಲ್ಲಿ ವಿಜ್ಞಾನ ತಪ್ಪು. ಎರಡನ್ನೂ ಸರಿಯಾಗಿ ನೋಡೋಣ ಎಂದು ಹುಡುಕಿದಾಗ ಸಿಕ್ಕಿದ್ದನ್ನು ಇಲ್ಲಿ ಕೊಟ್ಟಿದ್ದೇನೆ.

ಮಾತು 1: "ಎವರೆಸ್ಟ್ ಏರಿದ ಜಗತ್ತಿನ ಮೊದಲ ಮಹಿಳೆ ಬಚೇಂದ್ರಿ ಪಾಲ್"

ನಿಜ ಏನು? ಬಚೇಂದ್ರಿ ಪಾಲ್ ಎವರೆಸ್ಟ್ ಏರಿದ ಭಾರತದ ಮೊದಲ ಮಹಿಳೆ. ಜಗತ್ತಿನ ಲೆಕ್ಕದಲ್ಲಿ ಅವರು ಐದನೆಯವರು.

ಮೊದಲನೆಯವರು ಜಪಾನಿನ ಜುಂಕೊ ತಾಬೇಯಿ. ಅವರು ಶಿಖರ ಮುಟ್ಟಿದ್ದು 1975ರ ಮೇ 16ರಂದು. ಹನ್ನೊಂದು ದಿನಗಳ ನಂತರ, ಮೇ 27ರಂದು, ಟಿಬೆಟಿನ ಫಂತೋಗ್ ಚೀನಾ ತಂಡದ ಜೊತೆ ಉತ್ತರದ ಕಡೆಯಿಂದ ಹತ್ತಿದರು. ಮೂರನೆಯವರು ಪೋಲೆಂಡಿನ ವಾಂಡಾ ರುಟ್ಕಿಯೆವಿಚ್, 1978ರಲ್ಲಿ. ನಾಲ್ಕನೆಯವರು ಜರ್ಮನಿಯ ಹನೆಲೋರ್ ಶ್ಮಾಟ್ಸ್, 1979ರಲ್ಲಿ. ಶಿಖರ ಮುಟ್ಟಿದ ಮೇಲೆ ಇಳಿಯುವಾಗ ಅವರು ಅಲ್ಲೇ ತೀರಿಕೊಂಡರು. ಬಚೇಂದ್ರಿ ಪಾಲ್ ತುದಿ ತಲುಪಿದ್ದು 1984ರ ಮೇ 23ರಂದು, ತಮ್ಮ ಮೂವತ್ತನೇ ಹುಟ್ಟುಹಬ್ಬದ ಹಿಂದಿನ ದಿನ.

ಐದನೆಯವರು ಎಂದರೆ ಬಚೇಂದ್ರಿಯವರ ಸಾಧನೆ ಸಣ್ಣದಾಗುವುದಿಲ್ಲ. ಅವರದು ಉತ್ತರಕಾಶಿ ಜಿಲ್ಲೆಯ ನಾಕುರಿ ಎಂಬ ಹಳ್ಳಿ. ಶಿಖರಕ್ಕೆ ಹೊರಡುವ ಒಂದು ವಾರದ ಮೊದಲು, ಮೇ 15ರ ರಾತ್ರಿ ಅವರಿದ್ದ ಶಿಬಿರದ ಮೇಲೆ ಹಿಮ ಕುಸಿದು ಬಿತ್ತು. ಟೆಂಟಿನೊಳಗೆ ಹೂತುಹೋಗಿದ್ದ ಅವರನ್ನು ಸಹ ಆರೋಹಿಯೊಬ್ಬರು ಚಾಕುವಿನಿಂದ ಟೆಂಟ್ ಕೊಯ್ದು ಹೊರಗೆಳೆದರು. ತಂಡದ ಹಲವರು ಗಾಯಗೊಂಡು ಕೆಳಗಿಳಿದರು. ತಲೆಗೆ ಪೆಟ್ಟು ಬಿದ್ದಿದ್ದರೂ ಬಚೇಂದ್ರಿ ಇಳಿಯಲಿಲ್ಲ. ಆಂಗ್ ದೋರ್ಜಿ ಎಂಬ ಶೆರ್ಪಾ ಜೊತೆ ಅವರು ಮಧ್ಯಾಹ್ನ ಒಂದು ಗಂಟೆ ಏಳು ನಿಮಿಷಕ್ಕೆ ತುದಿಯಲ್ಲಿದ್ದರು.

ಜುಂಕೊ ತಾಬೇಯಿಯವರ ಕಥೆಯೂ ಹೆಚ್ಚುಕಡಿಮೆ ಹೀಗೇ ಇದೆ. ಜಪಾನಿನಲ್ಲಿ ಅವರು 1969ರಲ್ಲಿ ಮಹಿಳೆಯರದೇ ಪರ್ವತಾರೋಹಣ ಸಂಘ ಕಟ್ಟಿದರು. ಎವರೆಸ್ಟ್ ತಂಡಕ್ಕೆ ಹಣ ಕೇಳಲು ಹೋದಾಗ, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಿ ಎಂಬ ಉತ್ತರ ಕೇಳಬೇಕಾಯಿತು. ಅವರು ಪಿಯಾನೊ ಪಾಠ ಹೇಳಿ ದುಡ್ಡು ಕೂಡಿಸಿದರು. ಹಳೆಯ ಕಾರ್ ಸೀಟುಗಳ ಬಟ್ಟೆಯಿಂದ ಕೈಗವಸು, ಚೀಲ ಹೊಲಿದುಕೊಂಡರು. 1975ರ ಮೇ 4ರಂದು, ಸುಮಾರು 6,300 ಮೀಟರ್ ಎತ್ತರದ ಶಿಬಿರದಲ್ಲಿ ಅವರೂ ಹಿಮಕುಸಿತಕ್ಕೆ ಸಿಕ್ಕಿ ಪ್ರಜ್ಞೆ ತಪ್ಪಿದರು. ಶೆರ್ಪಾಗಳು ಎಳೆದು ಉಳಿಸಿದರು. ಹನ್ನೆರಡು ದಿನಗಳ ನಂತರ ಅವರು ಶಿಖರದಲ್ಲಿದ್ದರು.

ಹಾಗಾದರೆ ಜಗತ್ತಿಗೇ ಮೊದಲಿಗರಾದ ಭಾರತೀಯ ಮಹಿಳೆಯರು ಇಲ್ಲವೇ? ಇದ್ದಾರೆ, ಮೆಸೇಜುಗಳಲ್ಲಿ ಅವರ ಹೆಸರು ಕಾಣುವುದು ಕಡಿಮೆ ಅಷ್ಟೇ. ಎವರೆಸ್ಟನ್ನು ಎರಡು ಸಲ ಏರಿದ ಜಗತ್ತಿನ ಮೊದಲ ಮಹಿಳೆ ಹರಿಯಾಣದ ಸಂತೋಷ್ ಯಾದವ್, 1992 ಮತ್ತು 1993ರಲ್ಲಿ. ಕಾಲು ಕಳೆದುಕೊಂಡ ಮೇಲೆ ಎವರೆಸ್ಟ್ ಏರಿದ ಮೊದಲ ಮಹಿಳೆ ಉತ್ತರ ಪ್ರದೇಶದ ಅರುಣಿಮಾ ಸಿನ್ಹಾ. 2011ರಲ್ಲಿ ಕಳ್ಳರು ಅವರನ್ನು ಓಡುವ ರೈಲಿನಿಂದ ತಳ್ಳಿದ್ದರು. ಎರಡೇ ವರ್ಷದಲ್ಲಿ, 2013ರ ಮೇ 21ರಂದು, ಕೃತಕ ಕಾಲಿನಲ್ಲಿ ಅವರು ಶಿಖರ ತಲುಪಿದರು. ತೆಲಂಗಾಣದ ಆದಿವಾಸಿ ಕುಟುಂಬದ ಮಾಲಾವತ್ ಪೂರ್ಣಾ 2014ರಲ್ಲಿ ಏರಿದಾಗ ಅವರಿಗೆ ಇನ್ನೂ 14 ತುಂಬಿರಲಿಲ್ಲ. ಎವರೆಸ್ಟ್ ಏರಿದ ಅತಿ ಕಿರಿಯ ಹುಡುಗಿ ಎಂಬ ದಾಖಲೆ ಅವರದಾಯಿತು.

ಮಾತು 2: "ಹೆಂಗಸರು ಬೆಟ್ಟ ಹತ್ತಲು ಶುರು ಮಾಡಿದ್ದು ಈಗೀಗ"

ನಿಜ ಏನು? ಇದಕ್ಕೆ ಇನ್ನೂರು ವರ್ಷಗಳಿಗೂ ಹೆಚ್ಚಿನ ಇತಿಹಾಸವಿದೆ.

ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಮಾಂಟ್ ಬ್ಲಾಂಕ್ ಎಂಬ ಶಿಖರವಿದೆ. ಎತ್ತರ ಸುಮಾರು 4,800 ಮೀಟರ್. ಗಂಡಸರು ಇದನ್ನು ಮೊದಲು ಏರಿದ್ದು 1786ರಲ್ಲಿ. 1808ರಲ್ಲೇ ಅದೇ ಊರ ಕಡೆಯ ಮಾರಿ ಪಾರಾಡಿ ಎಂಬ ಬಡ ಹೆಣ್ಣುಮಗಳು ಗೈಡುಗಳ ಜೊತೆ ಮೇಲೆ ಹೋಗಿ ಬಂದಳು. ಕೊನೆಯಲ್ಲಿ ಆಕೆ ಎಷ್ಟು ಬಳಲಿದ್ದಳೆಂದರೆ, ಗೈಡುಗಳು ಎಳೆದುಕೊಂಡೇ ಹೋಗಬೇಕಾಯಿತು. 1838ರಲ್ಲಿ ಆನ್ರಿಯೆಟ್ ದಾಂಜೆವಿಲ್ ಎಂಬ 44 ವರ್ಷದ ಮಹಿಳೆ ತಾವೇ ಗೈಡುಗಳನ್ನು ಗೊತ್ತುಮಾಡಿ, ತಾವೇ ಯೋಜನೆ ಹಾಕಿ ಅದೇ ಶಿಖರ ಏರಿದರು. ಇಳಿದು ಬಂದ ಮೇಲೆ ನಡೆದ ಸಂಭ್ರಮಕ್ಕೆ ಮೂವತ್ತು ವರ್ಷ ಹಿಂದೆ ಹತ್ತಿದ್ದ ಮಾರಿಯನ್ನೂ ಕರೆಸಿಕೊಂಡರು.

ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯ ಮ್ಯಾಟರ್‌ಹಾರ್ನ್ ಶಿಖರವನ್ನು 1871ರಲ್ಲಿ ಇಂಗ್ಲೆಂಡಿನ ಲೂಸಿ ವಾಕರ್ ಏರಿದರು, ಅದೂ ಉದ್ದನೆಯ ಲಂಗ ತೊಟ್ಟು! ಇಪ್ಪತ್ತನಾಲ್ಕು ವರ್ಷಗಳ ನಂತರ ಅಮೆರಿಕದ ಆನಿ ಸ್ಮಿತ್ ಪೆಕ್ ಅದೇ ಶಿಖರವನ್ನು ಪ್ಯಾಂಟ್ ತೊಟ್ಟು ಏರಿದರು. ಪತ್ರಿಕೆಗಳಲ್ಲಿ ಏರಿದ್ದಕ್ಕಿಂತ ಪ್ಯಾಂಟಿನದೇ ದೊಡ್ಡ ಚರ್ಚೆಯಾಯಿತು.

ಇಷ್ಟೆಲ್ಲ ನಡೆದಿದ್ದರೂ ನಮಗೇಕೆ ಗೊತ್ತಿಲ್ಲ? ಸಂಘಗಳು ಇವರನ್ನು ಒಳಗೆ ಬಿಟ್ಟಿರಲಿಲ್ಲ ಎಂಬುದು ಒಂದು ಕಾರಣ. ಲಂಡನ್ನಿನ ಆಲ್ಪೈನ್ ಕ್ಲಬ್ ಶುರುವಾಗಿದ್ದು 1857ರಲ್ಲಿ. ಅದು ಮಹಿಳೆಯರಿಗೆ ಸದಸ್ಯತ್ವ ಕೊಟ್ಟಿದ್ದು 1970ರ ದಶಕದಲ್ಲಿ. ಅಷ್ಟರೊಳಗೆ, 1907ರಲ್ಲೇ, ಮಹಿಳೆಯರು ತಮ್ಮದೇ ಲೇಡೀಸ್ ಆಲ್ಪೈನ್ ಕ್ಲಬ್ ಕಟ್ಟಿಕೊಂಡಿದ್ದರು.

ಮಾತು 3: "ಹೆಣ್ಣಿನ ದೇಹ ಅಷ್ಟು ಎತ್ತರ ತಡೆಯಲ್ಲ"

ನಿಜ ಏನು? ಎವರೆಸ್ಟಿನ ಅಂಕಿಅಂಶಗಳು ಇದನ್ನು ಒಪ್ಪುವುದಿಲ್ಲ.

ಮೊದಲು ಎತ್ತರದಲ್ಲಿ ಏನಾಗುತ್ತದೆ ಎಂದು ನೋಡೋಣ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. 8,848 ಮೀಟರ್ ಎತ್ತರದ ಎವರೆಸ್ಟ್ ತುದಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಈ ಕೊರತೆ ಗಂಡಿಗೂ ಒಂದೇ, ಹೆಣ್ಣಿಗೂ ಒಂದೇ.

2020ರಲ್ಲಿ ಅಮೆರಿಕದ ವಿಜ್ಞಾನಿಗಳು ಎವರೆಸ್ಟನ್ನು ಮೊದಲ ಸಲ ಏರಲು ಹೋದವರ ದಾಖಲೆಗಳನ್ನು ಪರಿಶೀಲಿಸಿ ಒಂದು ಅಧ್ಯಯನ ಪ್ರಕಟಿಸಿದರು. 1990ರಿಂದ 2005ರವರೆಗೆ ಹೋದವರಲ್ಲಿ ಸುಮಾರು ಮೂರನೇ ಒಂದರಷ್ಟು ಜನ ಶಿಖರ ತಲುಪಿದ್ದರು. 2006ರಿಂದ 2019ರ ಅವಧಿಯಲ್ಲಿ ಇದು ಮೂರನೇ ಎರಡರಷ್ಟಾಯಿತು. ಸಾವಿನ ಪ್ರಮಾಣ ಎರಡೂ ಕಾಲದಲ್ಲಿ ಶೇ. 1ರ ಆಸುಪಾಸಿನಲ್ಲೇ ಇತ್ತು. ಮುಖ್ಯ ವಿಷಯ ಇದು: ಶಿಖರ ತಲುಪುವ ಸಾಧ್ಯತೆಯಲ್ಲಾಗಲಿ, ಸಾಯುವ ಸಾಧ್ಯತೆಯಲ್ಲಾಗಲಿ ಗಂಡಸರಿಗೂ ಹೆಂಗಸರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವಯಸ್ಸು ಮಾತ್ರ ಲೆಕ್ಕಕ್ಕೆ ಬಂತು.

ಎತ್ತರದ ಕಾಯಿಲೆ ಯಾರಿಗೂ ಬರಬಹುದು. ತಲೆನೋವು, ವಾಂತಿ, ಸುಸ್ತು ಕಾಣಿಸಿಕೊಳ್ಳುವ ಸಾಮಾನ್ಯ ರೂಪ ಮಹಿಳೆಯರಲ್ಲಿ ತುಸು ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಶ್ವಾಸಕೋಶದಲ್ಲಿ ನೀರು ತುಂಬುವ ಹೆಚ್ಚು ಅಪಾಯದ ರೂಪ ಪುರುಷರಲ್ಲಿ ಹೆಚ್ಚು ಕಂಡುಬಂದಿದೆ. ಆದರೆ ಇಬ್ಬರಿಗೂ ಮುಖ್ಯ ಕಾರಣ ಒಂದೇ: ಬೇಗ ಬೇಗ ಮೇಲೆ ಹೋಗುವುದು. ಜಿಮ್‌ಗೆ ಹೋಗಿ ಗಟ್ಟಿಯಾಗಿದ್ದೇನೆ ಎಂಬುದು ಇದರಿಂದ ಕಾಪಾಡುವುದಿಲ್ಲ. 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಮೇಲೆ ಹೋಗದೆ ಒಂದು ದಿನ ತಂಗಬೇಕು. ಲಕ್ಷಣ ಹೆಚ್ಚಾದರೆ ಕೆಳಗಿಳಿಯಬೇಕು. ಬೇಸಿಗೆ ರಜೆಗೆ ಹಿಮಾಲಯ ಚಾರಣಕ್ಕೆ ಹೋಗುವವರು ನೆನಪಿಡಬೇಕಾದ್ದು ಇದು.

ಹಾಗಿದ್ದರೂ ಬರೀ ಮೈಗಟ್ಟಿತನದಿಂದ ಎವರೆಸ್ಟ್ ಏರಲಾಗದು. ಅನುಭವ, ಹಣ, ರಜೆ, ಮನೆಯವರ ಒಪ್ಪಿಗೆ ಎಲ್ಲ ಬೇಕು. ನೇಪಾಳದ ಲಾಕ್ಪಾ ಶೆರ್ಪಾ 2022ರ ಮೇನಲ್ಲಿ ಹತ್ತನೇ ಸಲ ಎವರೆಸ್ಟ್ ಏರಿದರು. ಇಷ್ಟು ಸಲ ಏರಿದ ಬೇರೆ ಮಹಿಳೆ ಆಗ ಇರಲಿಲ್ಲ. ಅವರಿಗೆ ಶಾಲೆಗೆ ಹೋಗಲು ಅವಕಾಶ ಸಿಕ್ಕಿರಲಿಲ್ಲ. ಆರೋಹಣಗಳ ನಡುವಿನ ವರ್ಷಗಳಲ್ಲಿ ಅವರು ಅಮೆರಿಕದಲ್ಲಿ ಪಾತ್ರೆ ತೊಳೆಯುವ ಕೆಲಸ, ದಿನಸಿ ಅಂಗಡಿಯ ಕೆಲಸ ಮಾಡಿಕೊಂಡಿದ್ದರು.

ಮಾತು 4: "ಬಂಡೆ ಹತ್ತಲು ಗಂಡಸಿನ ತೋಳ್ಬಲ ಬೇಕು"

ನಿಜ ಏನು? ತೋಳಿನ ಬಲ ಬೇಕು, ಆದರೆ ಅದೊಂದರಿಂದ ಕೆಲಸ ಆಗುವುದಿಲ್ಲ.

ಬಂಡೆ ಹತ್ತುವಾಗ ಮೈಭಾರವನ್ನು ಹೊರಬೇಕಾದ್ದು ಹೆಚ್ಚಾಗಿ ಕಾಲು. ಬಲಕ್ಕೂ ಸ್ವಂತ ತೂಕಕ್ಕೂ ಇರುವ ಅನುಪಾತ, ಸಮತೋಲನ, ಸೊಂಟದ ಬಳುಕು, ಮುಂದಿನ ಹಿಡಿತ ಎಲ್ಲಿ ಎಂದು ಓದುವ ಕಣ್ಣು, ಇವೆಲ್ಲ ಸೇರಿದರೆ ಮಾತ್ರ ಮೇಲೆ ಹೋಗಬಹುದು. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಅಥವಾ ಹಂಪಿಯ ಗುಂಡುಗಳ ಮೇಲೆ ಹತ್ತುವವರನ್ನು ಹತ್ತು ನಿಮಿಷ ನಿಂತು ನೋಡಿದರೆ ಇದು ಅರ್ಥವಾಗುತ್ತದೆ. ಬರೀ ತೋಳಿನಿಂದ ಎಳೆದುಕೊಳ್ಳಲು ಹೋದವರ ಕೈ ಮೊದಲು ಸೋಲುತ್ತದೆ.

ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಲಿನ್ ಹಿಲ್. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯಲ್ಲಿ ಎಲ್ ಕ್ಯಾಪಿಟನ್ ಎಂಬ ಸುಮಾರು 900 ಮೀಟರಿನ ನೆಟ್ಟನೆಯ ಬಂಡೆಯಿದೆ. ಅದರಲ್ಲಿ 'ನೋಸ್' ಎಂಬ ದಾರಿಯನ್ನು 1958ರಲ್ಲಿ ಮೊದಲು ಹತ್ತಿದವರು ಮೊಳೆ ಹೊಡೆದು, ಹಗ್ಗಕ್ಕೆ ನೇತಾಡಿ, ಹಲವು ವಾರಗಳ ದುಡಿಮೆಯಿಂದ ಮೇಲೆ ತಲುಪಿದ್ದರು. ಇದನ್ನೇ 'ಫ್ರೀ ಕ್ಲೈಂಬಿಂಗ್' ಮಾಡಬೇಕು ಎಂದು ಅನೇಕರು ಯತ್ನಿಸಿ ಸೋತಿದ್ದರು. ಫ್ರೀ ಕ್ಲೈಂಬಿಂಗ್ ಎಂದರೆ ಹಗ್ಗ ಇಲ್ಲದೆ ಹತ್ತುವುದು ಎಂದು ಬಹಳ ಜನ ತಿಳಿದಿದ್ದಾರೆ, ಅದು ತಪ್ಪು. ಹಗ್ಗ ಇರುತ್ತದೆ, ಆದರೆ ಬಿದ್ದರೆ ಕಾಪಾಡಲು ಮಾತ್ರ. ಮೇಲೇರಲು ಸ್ವಂತ ಕೈಕಾಲನ್ನಷ್ಟೇ ಬಳಸಬೇಕು.

ಸುಮಾರು ಐದಡಿ ಎರಡಂಗುಲ ಎತ್ತರದ ಲಿನ್ ಹಿಲ್ 1993ರಲ್ಲಿ ಇದನ್ನು ಸಾಧಿಸಿದರು. ಗಂಡು ಹೆಣ್ಣು ಎಲ್ಲರನ್ನೂ ಸೇರಿಸಿ ಅವರೇ ಮೊದಲಿಗರು. 1994ರಲ್ಲಿ ಮತ್ತೆ ಹೋಗಿ 24 ಗಂಟೆಯೊಳಗೆ ಮುಗಿಸಿದರು. ಅದನ್ನು ಒಂದೇ ದಿನದಲ್ಲಿ ಮಾಡಲು ಇನ್ನೊಬ್ಬರಿಗೆ 2005ರವರೆಗೆ ಸಾಧ್ಯವಾಗಲಿಲ್ಲ. ಫ್ರಾನ್ಸಿನ ಕ್ಯಾಥರಿನ್ ಡೆಸ್ಟಿವೆಲ್ 1992ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನ ಐಗರ್ ಪರ್ವತದ ಉತ್ತರ ಗೋಡೆಯನ್ನು ಒಬ್ಬರೇ ಹದಿನೇಳು ಗಂಟೆಯಲ್ಲಿ ಹತ್ತಿದ್ದರು. ಈ ಕ್ರೀಡೆ ಒಲಿಂಪಿಕ್ಸಿಗೆ ಬಂದ ಮೇಲೆ ಸ್ಲೊವೇನಿಯಾದ ಯಾನ್ಯಾ ಗಾರ್ನ್‌ಬ್ರೆಟ್ ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಚಿನ್ನ ಗೆದ್ದರು.

ಮಾತು 5: "ತಾಯಿಯಾದವಳು ಇಂಥ ಅಪಾಯಕ್ಕೆ ಹೋಗಬಾರದು"

ಇದು ಮಾಹಿತಿಯಲ್ಲ, ಅಭಿಪ್ರಾಯ. ಸರಿ ತಪ್ಪು ಹೇಳುವುದು ನಮ್ಮ ಕೆಲಸವಲ್ಲ. ಆದರೆ ಈ ಪ್ರಶ್ನೆಯನ್ನು ಯಾರಿಗೆ ಕೇಳುತ್ತೇವೆ, ಯಾರಿಗೆ ಕೇಳುವುದಿಲ್ಲ ಎಂದು ನೋಡಬಹುದು.

ಇಂಗ್ಲೆಂಡಿನ ಆಲಿಸನ್ ಹಾರ್ಗ್ರೀವ್ಸ್ 1995ರ ಮೇನಲ್ಲಿ ಆಕ್ಸಿಜನ್ ಸಿಲಿಂಡರ್ ಇಲ್ಲದೆ, ಶೆರ್ಪಾಗಳ ನೆರವಿಲ್ಲದೆ ಎವರೆಸ್ಟ್ ಏರಿದರು. ಮೂರು ತಿಂಗಳ ನಂತರ ಕೆ2 ಶಿಖರದಿಂದ ಇಳಿಯುವಾಗ ಬಿರುಗಾಳಿಗೆ ಸಿಕ್ಕಿ ಸತ್ತರು. ಇಬ್ಬರು ಚಿಕ್ಕ ಮಕ್ಕಳಿದ್ದರು. ಮಕ್ಕಳನ್ನು ಬಿಟ್ಟು ಹೋದಳು ಎಂದು ಪತ್ರಿಕೆಗಳಲ್ಲಿ ಕಟು ಟೀಕೆ ಬಂತು. 1924ರಲ್ಲಿ ಎವರೆಸ್ಟಿನಲ್ಲಿ ಕಣ್ಮರೆಯಾದ ಜಾರ್ಜ್ ಮಲೋರಿಗೆ ಮೂವರು ಮಕ್ಕಳಿದ್ದರು. ಅವರನ್ನು ಜಗತ್ತು ಇವತ್ತಿಗೂ ವೀರನೆಂದೇ ನೆನೆಯುತ್ತದೆ.

ನೇಪಾಳದ ಪಸಾಂಗ್ ಲಾಮು ಶೆರ್ಪಾ ಕೂಡ ತಾಯಿ. 1993ರ ಏಪ್ರಿಲ್ 22ರಂದು ಎವರೆಸ್ಟ್ ಏರಿದ ನೇಪಾಳದ ಮೊದಲ ಮಹಿಳೆಯಾದರು, ಇಳಿಯುವಾಗ ಪ್ರಾಣ ಬಿಟ್ಟರು. ಅಲ್ಲಿಯವರೆಗೆ ವಿದೇಶಿಯರನ್ನು ಮೇಲಕ್ಕೆ ಕರೆದೊಯ್ಯುತ್ತಿದ್ದ ಶೆರ್ಪಾ ಸಮುದಾಯದ ಹೆಣ್ಣುಮಗಳೊಬ್ಬಳು ತನ್ನದೇ ಊರ ಪರ್ವತದ ತುದಿ ನೋಡಲು ಅಷ್ಟು ವರ್ಷ ಬೇಕಾಯಿತು. ಅಲ್ಲಿನ ಒಂದು ಶಿಖರಕ್ಕೆ ಈಗ ಅವರ ಹೆಸರಿದೆ.

ಯಾರು ಏರಿದರು ಎಂದು ತಿಳಿಯುವುದು ಹೇಗೆ?

ಪರ್ವತದ ತುದಿಯಲ್ಲಿ ಹಾಜರಿ ಪುಸ್ತಕ ಇರುವುದಿಲ್ಲ. ಹಾಗಾಗಿ ಜಗಳ ಮೊದಲಿನಿಂದಲೂ ಇದೆ. ಪ್ಯಾಂಟ್ ತೊಟ್ಟು ಮ್ಯಾಟರ್‌ಹಾರ್ನ್ ಏರಿದ್ದ ಆನಿ ಪೆಕ್ 1908ರಲ್ಲಿ, 57ನೇ ವಯಸ್ಸಿನಲ್ಲಿ, ಪೆರು ದೇಶದ ಹುವಾಸ್ಕರಾನಿನ ಉತ್ತರ ಶಿಖರ ಏರಿದರು. ಅದು 7,300 ಮೀಟರ್ ಇರಬಹುದು, ಹಾಗಾದರೆ ತಮ್ಮದೇ ದಾಖಲೆ ಎಂದರು. ಅದಕ್ಕೂ ಮೊದಲು, 1906ರಲ್ಲಿ, ಲಡಾಖಿನ ನುನ್ ಕುನ್ ಪರ್ವತಗಳಲ್ಲಿ ಸುಮಾರು 6,930 ಮೀಟರ್ ಎತ್ತರದ ಪಿನಕಲ್ ಪೀಕ್ ಏರಿದ್ದವರು ಫ್ಯಾನಿ ಬುಲಕ್ ವರ್ಕ್‌ಮನ್. ಅವರು ಸುಮ್ಮನಿರಲಿಲ್ಲ. ಸ್ವಂತ ಖರ್ಚಿನಲ್ಲಿ ಸರ್ವೆ ಮಾಡುವವರನ್ನು ಪೆರುವಿಗೆ ಕಳಿಸಿ ಪೆಕ್ ಏರಿದ ಶಿಖರವನ್ನು ಅಳೆಸಿದರು! ಎತ್ತರ ಸುಮಾರು 6,650 ಮೀಟರ್ ಎಂದು ಬಂತು. ದಾಖಲೆ ವರ್ಕ್‌ಮನ್ ಅವರಲ್ಲೇ ಉಳಿಯಿತು. ಒಂದು ಮಾತಿನಲ್ಲಿ ಮಾತ್ರ ಇಬ್ಬರೂ ಒಂದೇ: ಪೆಕ್ 1911ರಲ್ಲಿ ಪೆರುವಿನ ಇನ್ನೊಂದು ಪರ್ವತದ ಮೇಲೆ, ವರ್ಕ್‌ಮನ್ 1912ರಲ್ಲಿ ಸಿಯಾಚಿನ್ ಪ್ರದೇಶದ ಹಿಮದಲ್ಲಿ, "ಮಹಿಳೆಯರಿಗೆ ಮತದಾನದ ಹಕ್ಕು" ಎಂಬ ಬರಹ ಪ್ರದರ್ಶಿಸಿದರು.

ನಮ್ಮ ಕಾಲದಲ್ಲಿ ಈ ಲೆಕ್ಕ ಇಟ್ಟವರೂ ಒಬ್ಬ ಮಹಿಳೆಯೇ. ಅಮೆರಿಕದ ಪತ್ರಕರ್ತೆ ಎಲಿಜಬೆತ್ ಹಾಲಿ 1960ರಿಂದ ಕಠ್ಮಂಡುವಿನಲ್ಲಿ ನೆಲೆಸಿದ್ದರು. ತಾವು ಯಾವ ದೊಡ್ಡ ಶಿಖರವನ್ನೂ ಏರಲಿಲ್ಲ. ಆದರೆ ಹಿಮಾಲಯಕ್ಕೆ ಬಂದ ತಂಡಗಳನ್ನು ಹೋಟೆಲಿಗೇ ಹೋಗಿ ಭೇಟಿ ಮಾಡಿ, ಎಲ್ಲಿಂದ ಹತ್ತಿದಿರಿ, ತುದಿಯಿಂದ ಏನು ಕಂಡಿತು ಎಂದು ಪಟ್ಟಾಗಿ ಪ್ರಶ್ನೆ ಕೇಳುತ್ತಿದ್ದರು. ಅವರ ಕಡತಗಳೇ ಇಂದಿನ 'ಹಿಮಾಲಯನ್ ಡೇಟಾಬೇಸ್'. 2018ರಲ್ಲಿ, 94ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಇಂಥ ದಾಖಲೆ ಏಕೆ ಬೇಕು? ಜಗತ್ತಿನಲ್ಲಿ 8,000 ಮೀಟರ್ ಮೀರಿದ ಶಿಖರಗಳು 14. ಅಷ್ಟನ್ನೂ ಏರಿದ ಮೊದಲ ಮಹಿಳೆ ತಾವೆಂದು 2010ರ ಏಪ್ರಿಲ್‌ನಲ್ಲಿ ದಕ್ಷಿಣ ಕೊರಿಯಾದ ಓ ಉನ್-ಸನ್ ಹೇಳಿದರು. ಅವರ ಕಾಂಚನಜುಂಗಾ ಆರೋಹಣದ ಫೋಟೊ ಬಗ್ಗೆ ಅನುಮಾನ ಎದ್ದಿತು. ಅವರು ತುದಿ ತಲುಪಿರಲಾರರು ಎಂದು ಅವರದೇ ದೇಶದ ಪರ್ವತಾರೋಹಣ ಒಕ್ಕೂಟ ಹೇಳಿತು. ಅದೇ ಮೇನಲ್ಲಿ ಹದಿನಾಲ್ಕು ಮುಗಿಸಿದ ಸ್ಪೇನಿನ ಎಡುರ್ನೆ ಪಸಬಾನ್ ಅವರನ್ನು ಈಗ ಸಾಮಾನ್ಯವಾಗಿ ಮೊದಲಿಗರೆಂದು ಒಪ್ಪಲಾಗಿದೆ. ಸಿಲಿಂಡರ್ ಆಕ್ಸಿಜನ್ ಇಲ್ಲದೆ ಎಲ್ಲ ಹದಿನಾಲ್ಕನ್ನೂ ಏರಿದ ಮೊದಲ ಮಹಿಳೆ ಆಸ್ಟ್ರಿಯಾದ ಗೆರ್ಲಿಂಡೆ ಕಾಲ್ಟನ್‌ಬ್ರುನರ್, 2011ರಲ್ಲಿ. ಎವರೆಸ್ಟ್ ಏರಿದಂತೆ ಫೋಟೊ ತಿದ್ದಿದ ಭಾರತದ ಇಬ್ಬರಿಗೆ 2016ರಲ್ಲಿ ನೇಪಾಳ ಹತ್ತು ವರ್ಷಗಳ ನಿಷೇಧ ಹೇರಿತು. ಫೋಟೊ ಇದೆ ಎಂದ ಮಾತ್ರಕ್ಕೆ ನಿಜವಲ್ಲ ಎಂಬುದು ವಾಟ್ಸಾಪಿಗೆ ಮಾತ್ರ ಸೀಮಿತವಲ್ಲ.

ಫಾರ್ವರ್ಡ್ ಮಾಡುವ ಮುನ್ನ ಮೂರು ಪ್ರಶ್ನೆ

ಮೊದಲನೆಯದು, "ಮೊದಲ ಮಹಿಳೆ" ಎಂದಿದ್ದರೆ ಎಲ್ಲಿಯ ಮೊದಲು? ಜಗತ್ತಿನಲ್ಲೋ, ದೇಶದಲ್ಲೋ, ರಾಜ್ಯದಲ್ಲೋ?

ಎರಡನೆಯದು, ಹೇಗೆ ಏರಿದ್ದು? ಯಾವ ದಾರಿ, ಆಕ್ಸಿಜನ್ ಇತ್ತೇ, ಒಬ್ಬರೇ ಹೋದರೇ, ತಂಡದೊಂದಿಗೆ ಹೋದರೇ?

ಮೂರನೆಯದು, ತಾರೀಖು ಇದೆಯೇ? ನಿಜವಾದ ಆರೋಹಣಕ್ಕೆ ದಿನ, ತಂಡ, ಜೊತೆಗಿದ್ದವರ ಹೆಸರು ಇರುತ್ತದೆ. ಇವು ಯಾವುವೂ ಇಲ್ಲದ ಮೆಸೇಜನ್ನು ಅಲ್ಲೇ ಬಿಡಿ.

ಇನ್ನು ರಾಮನಗರದ ಶಿಬಿರದ ವಿಷಯ. ಈ ಮಾಹಿತಿಯನ್ನೆಲ್ಲ ಗ್ರೂಪಿಗೆ ಹಾಕಿದೆ. ಮೈಗೆ ಆಗಿಬರಲ್ಲ ಎಂದಿದ್ದವರು ಏನೂ ಹೇಳಲಿಲ್ಲ. ಚಿಕ್ಕಪ್ಪ ಮಾತ್ರ ಫೋನ್ ಮಾಡಿ ಕೇಳಿದರು: ಹೇಳಿಕೊಡುವವರು ತರಬೇತಿ ಪಡೆದವರೇ? ಹಗ್ಗ, ಹಾರ್ನೆಸ್ ಹಳೆಯದಾದರೆ ಬದಲಿಸುತ್ತಾರಾ? ಹೆಲ್ಮೆಟ್ ಕೊಡುತ್ತಾರಾ? ಒಬ್ಬರು ಹತ್ತುವಾಗ ಕೆಳಗೆ ಹಗ್ಗ ಹಿಡಿಯುವವರು ಯಾರು? ಪೆಟ್ಟಾದರೆ ಹತ್ತಿರದ ಆಸ್ಪತ್ರೆ ಎಷ್ಟು ದೂರ?

ಬಂಡೆ ಹತ್ತುವುದರಲ್ಲಿ ಅಪಾಯ ಇದ್ದೇ ಇದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಇವೇ. ಮಗನನ್ನು ಕಳಿಸುವಾಗಲೂ ಕೇಳಬೇಕು, ಮಗಳನ್ನು ಕಳಿಸುವಾಗಲೂ ಕೇಳಬೇಕು. ಚಿಕ್ಕಪ್ಪನಿಗೆ ಉತ್ತರ ತೃಪ್ತಿಯಾಯಿತು. ತಂಗಿ ಹೋಗಿ ಬಂದಳು. ಎರಡು ದಿನ ಬೆರಳು ನೋವು ಎಂದು ತಟ್ಟೆ ತೊಳೆಯಲಿಲ್ಲವಂತೆ, ಮುಂದಿನ ಶಿಬಿರ ಯಾವಾಗ ಎಂದು ಕೇಳುತ್ತಿದ್ದಾಳೆ.